ಫ್ರಿಜ್ಜಿನೊಳಗಿನ ಕತ್ತಲೆ

ನಿಮ್ಮ ಮನೆಯಲ್ಲಿ ಫ್ರಿಜ್ ಇದ್ದರೆ ಇಂದು ರಾತ್ರಿ ಒಂದು ಕೆಲಸ ಮಾಡಿ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಆರಿಸಿ, ಕತ್ತಲಲ್ಲೇ ಒಮ್ಮೆ ಫ್ರಿಜ್ಜಿನ ಬಾಗಿಲು ತೆರೆದು ನೋಡಿ. ಒಳಗಿನ ಪುಟ್ಟ ಬಲ್ಬು ಉರಿಯುತ್ತಿದೆಯೇ?

ಇದೇನು ಮಕ್ಕಳಾಟ ಎಂದು ನಗಬೇಡಿ. ಆ ಬಲ್ಬಿನ ಬಗ್ಗೆ ನನ್ನ ಅತ್ತೆ ಮೂರು ಸಲ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರನ್ನು ಆಸ್ಪತ್ರೆಗೆ ಸೇರಿಸುವಂತಾಯಿತು. ಅದಕ್ಕೂ ಮೊದಲು, ಹೇಳಲು ನಾಚಿಕೆಯಾಗುತ್ತದೆ, ಅವರನ್ನು ಕಳ್ಳಿಯಂತೆ ಕಂಡಿದ್ದೆ.

ನಾವಿರುವುದು ಕಾರವಾರ ತಾಲೂಕಿನ ಮಲ್ಲಾಪುರದಲ್ಲಿ. ಕೈಗಾ ಅಣು ವಿದ್ಯುತ್ ಸ್ಥಾವರದ ನೌಕರರ ವಸತಿ ಬಡಾವಣೆ ಇರುವ ಊರು ಎಂದರೆ ನಿಮಗೆ ಬೇಗ ಗೊತ್ತಾಗಬಹುದು. ನಾವು ಸ್ಥಾವರದವರಲ್ಲ. ನಮ್ಮವರದು ಒಂದು ಕಿರಾಣಿ ಅಂಗಡಿ. ಮನೆಯಲ್ಲಿ ನಾವಿಬ್ಬರು, ಇಬ್ಬರು ಗಂಡುಮಕ್ಕಳು ಮತ್ತು ಅತ್ತೆ. ಅತ್ತೆಯನ್ನು ನಾನು ಮದುವೆಯಾದಂದಿನಿಂದ ಅಮ್ಮಿ ಎಂದೇ ಕರೆಯುತ್ತಿದ್ದೆ.

ನನ್ನ ತವರು ಅಂಕೋಲಾ. ಅಬ್ಬಾ ಅಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅವರ ಮೇಜಿನ ಪಕ್ಕ ಕುಳಿತು ಸೋಲ್ಡರಿಂಗ್ ಮಾಡುವುದನ್ನು ನೋಡುತ್ತಾ ಬೆಳೆದವಳು. ಟೆಸ್ಟರ್ ಹಿಡಿಯುವುದು, ಫ್ಯೂಸ್ ಕಟ್ಟುವುದು, ಇಸ್ತ್ರಿ ಪೆಟ್ಟಿಗೆಯ ವಯರ್ ಬದಲಾಯಿಸುವುದು ನನಗೆ ಚಪಾತಿ ಲಟ್ಟಿಸಿದಷ್ಟೇ ಸಲೀಸು. ಅಕ್ಕಪಕ್ಕದ ಮನೆಯವರೂ ಮಿಕ್ಸಿ ಕೆಟ್ಟರೆ ನನ್ನನ್ನೇ ಕರೆಯುತ್ತಾರೆ. ಈ ಬಗ್ಗೆ ನನಗೊಂದು ಹೆಮ್ಮೆ ಇತ್ತು. ಈಗಲೂ ಇದೆ, ಸ್ವಲ್ಪ ಕಡಿಮೆಯಾಗಿದೆ ಅಷ್ಟೆ.

2018ರ ಡಿಸೆಂಬರ್ ತಿಂಗಳಲ್ಲಿ ನಮ್ಮ ಹಳೆಯ ಒಂದು ಬಾಗಿಲಿನ ಫ್ರಿಜ್ ನಿಂತುಹೋಯಿತು. ಬಲ್ಬು ಉರಿಯುತ್ತಿತ್ತು, ಆದರೆ ಮೋಟಾರ್ ಸದ್ದೇ ಇಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ‘ನಾಳೆ’ ಎಂದ. ಆ ನಾಳೆ ನಾಲ್ಕು ದಿನವಾದರೂ ಬರಲಿಲ್ಲ. ನನಗೆ ಹಾಲು ಮೊಸರಿನ ಚಿಂತೆ ಅಷ್ಟಿರಲಿಲ್ಲ. ಅಮ್ಮಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ ಮತ್ತು ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಬೇಕು. ಆ ಬಾಟಲಿಯನ್ನು ತಂಪಾಗಿ ಇಡುವುದೇ ನನ್ನ ಚಿಂತೆಯಾಗಿತ್ತು. ಹಳೆಯ ಕಾಲದವರು ಹೇಳಿಕೊಟ್ಟಂತೆ ಅಗಲವಾದ ಮಣ್ಣಿನ ಮಡಕೆಗೆ ಸ್ವಲ್ಪ ನೀರು ಹಾಕಿ, ಅದರೊಳಗೆ ಸಣ್ಣ ಕುಡಿಕೆ ಇಟ್ಟು, ಕುಡಿಕೆಯಲ್ಲಿ ಬಾಟಲಿ ಇಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿದೆ. ಚಳಿಗಾಲವಾದ್ದರಿಂದ ಅದು ಚೆನ್ನಾಗಿಯೇ ನಡೆಯಿತು. ಈ ಮಡಕೆಯ ಮಾತನ್ನು ನೆನಪಿನಲ್ಲಿಡಿ.

ಐದನೇ ದಿನ ನಾನೇ ಸ್ಕ್ರೂಡ್ರೈವರ್ ತೆಗೆದುಕೊಂಡೆ.

ಫ್ರಿಜ್ ಎಂದರೇನು ಎಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಮುಂದಿನದು ತಿಳಿಯಲು ಬೇಕಾಗುತ್ತದೆ. ಅದು ತಂಪನ್ನು ತಯಾರಿಸುವ ಯಂತ್ರವಲ್ಲ, ಬಿಸಿಯನ್ನು ಸಾಗಿಸುವ ಯಂತ್ರ. ಬಾವಿಯಿಂದ ಪಂಪು ನೀರನ್ನು ಮೇಲೆತ್ತಿ ಹೊರಗೆ ಚೆಲ್ಲುವಂತೆ, ಇದು ಪೆಟ್ಟಿಗೆಯೊಳಗಿನ ಬಿಸಿಯನ್ನು ಎಳೆದು ಹಿಂಭಾಗದಲ್ಲಿ ಚೆಲ್ಲುತ್ತದೆ. ಫ್ರಿಜ್ಜಿನ ಹಿಂದಿರುವ ಕಪ್ಪು ಜಾಲರಿಯ ಬಳಿ ಕೈ ಹಿಡಿದು ನೋಡಿ, ಬೆಚ್ಚಗಿರುತ್ತದೆ. ಅದು ನಿಮ್ಮ ಹಾಲಿನಲ್ಲಿ, ತರಕಾರಿಯಲ್ಲಿ ಇದ್ದ ಬಿಸಿ, ಜೊತೆಗೆ ಮೋಟಾರಿನದ್ದೂ ಸೇರಿರುತ್ತದೆ. ಎತ್ತುವ ಪಂಪು ಎಂದರೆ ಕೆಳಗಿರುವ ಕಂಪ್ರೆಸರ್, ನಾವು ಮೋಟಾರ್ ಎನ್ನುತ್ತೇವಲ್ಲ ಅದು. ಅದಕ್ಕೆ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವುದು ಥರ್ಮೋಸ್ಟಾಟ್. ನಾವು ತಿರುಗಿಸುವ ಗುಂಡಿಯ ಹಿಂದೆ ಅಡಗಿ ಕುಳಿತಿರುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಅದರಿಂದ ತೆಳ್ಳನೆಯ ಉದ್ದ ತಾಮ್ರದ ನಳಿಗೆಯೊಂದು ಹೊರಟು ಐಸ್ ಪೆಟ್ಟಿಗೆಯ ಗೋಡೆಗೆ ತಾಗಿಕೊಂಡಿರುತ್ತದೆ. ನಳಿಗೆಯೊಳಗೆ ಅನಿಲ ತುಂಬಿರುತ್ತದೆ. ಐಸ್ ಪೆಟ್ಟಿಗೆ ಬೆಚ್ಚಗಾದರೆ ಅನಿಲ ಹಿಗ್ಗಿ ಡಬ್ಬಿಯೊಳಗಿನ ಸ್ವಿಚ್ಚನ್ನು ಒತ್ತುತ್ತದೆ, ಮೋಟಾರ್ ಓಡುತ್ತದೆ. ತಣ್ಣಗಾದರೆ ಕುಗ್ಗುತ್ತದೆ, ಸ್ವಿಚ್ ಬಿಡುತ್ತದೆ, ಮೋಟಾರ್ ನಿಲ್ಲುತ್ತದೆ. ನಳಿಗೆ ಎಲ್ಲಾದರೂ ತೂತಾಗಿ ಅನಿಲ ಸೋರಿಹೋದರೆ ಒತ್ತುವವರೇ ಇಲ್ಲ, ಮೋಟಾರ್ ಓಡುವುದೇ ಇಲ್ಲ.

ನನ್ನ ಫ್ರಿಜ್ಜಿಗೆ ಆದದ್ದು ಅದೇ. ಪ್ಲಗ್ ಕಿತ್ತು, ಥರ್ಮೋಸ್ಟಾಟಿನಿಂದ ವಯರ್‌ಗಳನ್ನು ಬಿಡಿಸಿ, ಕರೆಂಟ್ ಬರುವ ವಯರನ್ನೂ ಮೋಟಾರಿಗೆ ಹೋಗುವ ವಯರನ್ನೂ ಜೋಡಿಸಿ ಟೇಪ್ ಸುತ್ತಿ, ಮತ್ತೆ ಪ್ಲಗ್ ಹಾಕಿದೆ. ಮೋಟಾರ್ ಗುರ್ ಎಂದಿತು. ಎಂದರೆ ಮೋಟಾರ್ ಚೆನ್ನಾಗಿದೆ, ಥರ್ಮೋಸ್ಟಾಟ್ ಸತ್ತಿದೆ. ಮರುದಿನ ನಮ್ಮವರು ಅಂಗಡಿಯ ಸಾಮಾನಿಗೆಂದು ಕಾರವಾರಕ್ಕೆ ಹೋದಾಗ ಹಳೆಯದನ್ನು ತೋರಿಸಿ ಹೊಸದೊಂದನ್ನು ತಂದರು.

ಸಂಜೆ ದೊಡ್ಡವನ ಕೈಗೆ ಟಾರ್ಚ್ ಕೊಟ್ಟು ಕೂರಿಸಿ ಹೊಸದನ್ನು ಜೋಡಿಸಿದೆ. ಮೂರು ಕಾಲುಗಳು, ಮೂರು ವಯರ್‌ಗಳು. ಒಂದರಿಂದ ಕರೆಂಟ್ ಒಳಗೆ ಬರುತ್ತದೆ, ಒಂದರಿಂದ ಬಲ್ಬಿಗೆ ಹೋಗುತ್ತದೆ, ಇನ್ನೊಂದರಿಂದ ಮೋಟಾರಿಗೆ. ಹಸಿರು ಅರ್ಥ್ ವಯರ್ ಬೇರೆ. ಹಳೆಯದರಲ್ಲಿ ಎಡದಿಂದ ಬಲಕ್ಕೆ ಯಾವ ಬಣ್ಣದ ನಂತರ ಯಾವ ಬಣ್ಣ ಎಂದು ನಾನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಹೊಸದಕ್ಕೂ ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ಸಿಕ್ಕಿಸಿದೆ. ಪ್ಲಗ್ ಹಾಕಿದೆ. ಬಲ್ಬು ಉರಿಯಿತು, ಮೋಟಾರ್ ಓಡಿತು. ಅಮ್ಮಿ ತಸ್ಬೀಹ್ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, “ಮಾಷಾ ಅಲ್ಲಾಹ್, ನಿನ್ನ ಅಬ್ಬಾ ಇರಬೇಕಿತ್ತು ಬೇಟಾ” ಎಂದರು. ನನ್ನ ಕಣ್ಣು ತೇವವಾಯಿತು.

ಫ್ರಿಜ್ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ತಂಪು ಮಾಡತೊಡಗಿತು. ಮೊಸರನ್ನು ಚಾಕುವಿನಿಂದ ಕತ್ತರಿಸಬಹುದಿತ್ತು. ಹಾಲಿನ ಪ್ಯಾಕೆಟ್ಟಿನಲ್ಲಿ ಐಸ್ ಚೂರುಗಳು ಚುರುಗುಟ್ಟುತ್ತಿದ್ದವು. ಕೊತ್ತಂಬರಿ ಸೊಪ್ಪು ಮಾತ್ರ ಕಪ್ಪಾಗಿ ಗಾಜಿನಂತಾಗುತ್ತಿತ್ತು, ಅದನ್ನು ಹೊರಗಿಟ್ಟೆ. ಆ ದಿನಗಳಲ್ಲಿ ನಮ್ಮೂರಿನ ತುಂಬ ಒಂದೇ ಸುದ್ದಿ. ಕೈಗಾದ ಒಂದನೇ ಘಟಕ 2016ರ ಮೇ 13ರಿಂದ ನಿಲ್ಲದೆ ಓಡುತ್ತಾ, ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆಯನ್ನು ಮುರಿದಿತ್ತು. ಡಿಸೆಂಬರ್ 31ರಂದು ಅದನ್ನು ನಿಲ್ಲಿಸಿದಾಗ 962 ದಿನಗಳಾಗಿದ್ದವು. ಅಂಗಡಿಗೆ ಬಂದವರೆಲ್ಲ ಅದನ್ನೇ ಮಾತಾಡುತ್ತಿದ್ದರು. ನಮ್ಮವರು ರಾತ್ರಿ ಊಟಕ್ಕೆ ಕುಳಿತಾಗ ಫ್ರಿಜ್ಜಿನ ಸದ್ದು ಕೇಳಿ, “ನಮ್ಮದೂ ಕೈಗಾದ ಹಾಗೆಯೇ ನಿಲ್ಲುವುದೇ ಇಲ್ಲವಲ್ಲ! ನೀನು ಬೆಳಗ್ಗೆ ಆಫ್ ಮಾಡದಿದ್ದರೆ ದಾಖಲೆ ಮುರಿಯುತ್ತದೆ” ಎಂದು ನಕ್ಕರು. ಎಲ್ಲರೂ ನಕ್ಕೆವು. ಅಣು ಘಟಕ ನಿಲ್ಲದೆ ಓಡಿದರೆ ಹೆಮ್ಮೆ. ಫ್ರಿಜ್ ನಿಲ್ಲದೆ ಓಡಿದರೆ ಅದು ಕೆಟ್ಟಿದೆ ಎಂದರ್ಥ. ಅಬ್ಬಾನ ಮಗಳಿಗೆ ಇದು ತಕ್ಷಣ ಹೊಳೆಯಬೇಕಿತ್ತು.

ಬೆಳಗ್ಗೆ ಆಫ್ ಮಾಡುವುದು ನಮ್ಮ ಮನೆಯ ಹಳೆಯ ರೂಢಿ. ಫಜ್ರ್ ಆದ ಮೇಲೆ ಸ್ವಿಚ್ ತೆಗೆದು, ಹತ್ತು ಗಂಟೆಯ ಹೊತ್ತಿಗೆ ಮತ್ತೆ ಹಾಕುವುದು. ಕರೆಂಟ್ ಉಳಿಯುತ್ತದೆ, ಐಸ್ ಕರಗುತ್ತದೆ ಎಂಬ ನಂಬಿಕೆ. ನಿಮ್ಮಲ್ಲೂ ಅನೇಕರು ಹೀಗೆ ಮಾಡುತ್ತಿರಬಹುದು. ಔಷಧಿ ಇಡುವ ಫ್ರಿಜ್ಜಿಗೆ ಇದು ಒಳ್ಳೆಯದಲ್ಲ ಎಂದು ನಂತರ ಡಾಕ್ಟರು ಹೇಳಿದರು.

ಜನವರಿ ಎರಡನೇ ವಾರದಲ್ಲಿ ಅಂಕೋಲೆಯಿಂದ ನನ್ನ ತಮ್ಮನ ಮನೆಯವರು ಬರುವವರಿದ್ದರು. ಹಿಂದಿನ ದಿನವೇ ಫಿರ್ನಿ ಮಾಡಿ ಹನ್ನೆರಡು ಬಟ್ಟಲುಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಅಂದು ಬೆಳಗ್ಗೆಯೇ ಅಮ್ಮಿ ಮೊದಲ ಸಲ ಹೇಳಿದ್ದು.

“ಬೇಟಾ, ರಾತ್ರಿ ಫ್ರಿಜ್ಜಿನಲ್ಲಿ ಬೆಳಕು ಬರುವುದಿಲ್ಲ.”

ನಾನು ಆಗಷ್ಟೇ ಸ್ವಿಚ್ ಹಾಕಿದ್ದೆ. ಬಾಗಿಲು ತೆರೆದೆ. ಬಲ್ಬು ಚೆನ್ನಾಗಿ ಉರಿಯುತ್ತಿತ್ತು. “ನೋಡಿ ಅಮ್ಮಿ, ಉರಿಯುತ್ತಿದೆಯಲ್ಲ” ಎಂದೆ. ಅವರು ಬಗ್ಗಿ ನೋಡಿ ಸುಮ್ಮನಾದರು.

ಎರಡು ದಿನ ಬಿಟ್ಟು ಮತ್ತೆ ಅದೇ ಮಾತು. ಈ ಸಲವೂ ಬೆಳಗ್ಗೆಯೇ, ಈ ಸಲವೂ ಬಲ್ಬು ಉರಿಯುತ್ತಿತ್ತು. ನಾನು ರಾತ್ರಿ ಅಡುಗೆಮನೆಗೆ ಹೋದರೆ ಟ್ಯೂಬ್‌ಲೈಟ್ ಹಾಕಿಕೊಂಡೇ ಹೋಗುವವಳು. ಆ ಬೆಳಕಿನಲ್ಲಿ ಫ್ರಿಜ್ಜಿನ ಬಲ್ಬು ಇದೆಯೋ ಇಲ್ಲವೋ ಯಾರು ನೋಡುತ್ತಾರೆ? ಅಮ್ಮಿ ಮಾತ್ರ ಮಕ್ಕಳಿಗೆ ಎಚ್ಚರವಾಗಬಾರದೆಂದು ಕತ್ತಲಲ್ಲೇ ಗೋಡೆ ಹಿಡಿದುಕೊಂಡು ಹೋಗುತ್ತಿದ್ದರು.

ಆದರೆ ಆಗ ನನ್ನ ತಲೆಗೆ ಹೊಕ್ಕ ಪ್ರಶ್ನೆ ಬೇರೆಯೇ. ಇವರು ರಾತ್ರಿ ಫ್ರಿಜ್ ಏಕೆ ತೆರೆಯುತ್ತಾರೆ?

ಓದುಗರೇ, ಸಂಶಯ ಮನೆಯೊಳಗೆ ಬರುವುದು ಹೀಗೆಯೇ. ಮೊದಲು ಬಟ್ಟಲುಗಳನ್ನು ಎಣಿಸಿದೆ. ಅತಿಥಿಗಳಿಗೆ ಕೊಟ್ಟು ಉಳಿಯಬೇಕಾದದ್ದು ನಾಲ್ಕು, ಇದ್ದದ್ದು ಮೂರು. ಮಕ್ಕಳನ್ನು ಕೇಳಿದೆ, ಇಬ್ಬರೂ ತಲೆಯಾಡಿಸಿದರು. ಅದೇ ವಾರ ಗ್ಲುಕೋಮೀಟರಿನಲ್ಲಿ ಅಮ್ಮಿಯ ಬೆಳಗಿನ ಸಕ್ಕರೆ 240 ತೋರಿಸಿತು. ಎಂದೂ 150ರ ಆಚೆ ಹೋದದ್ದಿಲ್ಲ. ಮೂರು ದಿನ ಬಿಟ್ಟು 290. ಎಲ್ಲ ಲೆಕ್ಕವೂ ನನ್ನ ಮನಸ್ಸಿನಲ್ಲಿ ಸರಿಯಾಗಿ ಕೂಡಿಕೊಂಡಿತು. ಅವರಿಗೆ ಸಿಹಿಯೆಂದರೆ ಮೊದಲಿನಿಂದಲೂ ಆಸೆ. ಹಿಂದೊಮ್ಮೆ ದಿಂಬಿನ ಕೆಳಗೆ ಖರ್ಜೂರ ಸಿಕ್ಕಿದ್ದೂ ಉಂಟು.

ಮೂರನೇ ಸಲ ಅವರು ಬೆಳಕಿನ ಮಾತೆತ್ತಿದಾಗ ನಾನು ರೊಟ್ಟಿ ಬೇಯಿಸುತ್ತಿದ್ದೆ. ತಿರುಗಿಯೂ ನೋಡದೆ ಹೇಳಿದೆ: “ಅಮ್ಮಿ, ಬೆಳಕು ಇಲ್ಲದಿದ್ದರೇ ಒಳ್ಳೆಯದು. ರಾತ್ರಿ ಫ್ರಿಜ್ ತೆರೆಯುವ ಕೆಲಸವಾದರೂ ಏನಿದೆ ನಿಮಗೆ?”

ಹಿಂದೆ ಸದ್ದಿಲ್ಲ. ನಾನು ತಿರುಗಿದಾಗ ಅವರು ಹೊರಟುಹೋಗಿದ್ದರು. ಅಂದು ಇಶಾ ನಮಾಝ್ ಆದ ಮೇಲೆ ಅವರು ನೀರು ತುಂಬಿದ ಒಂದು ಚೊಂಬನ್ನು ತಮ್ಮ ಕೋಣೆಗೆ ಒಯ್ದು ಮಂಚದ ಕೆಳಗೆ ಇಟ್ಟುಕೊಂಡರು. ಅಂದಿನಿಂದ ರಾತ್ರಿ ಅಡುಗೆಮನೆಯ ಕಡೆ ಬರಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಅವರಿಗೆ ಬಾಯಾರಿಕೆಯಾಗುತ್ತಿತ್ತು. ಅಷ್ಟೇ. ರಕ್ತದಲ್ಲಿ ಸಕ್ಕರೆ ಏರಿದರೆ ಮೈ ಅದನ್ನು ಮೂತ್ರದೊಂದಿಗೆ ಹೊರಹಾಕುತ್ತದೆ, ನೀರೂ ಹೋಗುತ್ತದೆ, ಗಂಟಲು ಒಣಗುತ್ತದೆ, ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ. ಈ ಕಾಯಿಲೆಯ ಮನೆಯಲ್ಲಿ ಹದಿನೈದು ವರ್ಷ ಬಾಳಿದ ನನಗೆ ಇದು ಗೊತ್ತಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅವರ ಇನ್ಸುಲಿನ್ ಹಾಲಿನಂತೆ ಬಿಳಿಯಾಗಿರುವ ಮಿಶ್ರಣ. ಚುಚ್ಚುವ ಮೊದಲು ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದರೆ ಒಂದೇ ಸಮನಾಗಿ ಬೆರೆಯುತ್ತದೆ. ಆ ಜನವರಿಯಲ್ಲಿ ಅದು ಬೆರೆಯುತ್ತಿರಲಿಲ್ಲ. ತಳದಲ್ಲಿ ಸಣ್ಣ ಬಿಳಿ ಹರಳುಗಳು ಉಳಿಯುತ್ತಿದ್ದವು, ಗಾಜಿಗೆ ಅಂಟಿಕೊಂಡಿರುತ್ತಿದ್ದವು. ತಣ್ಣಗಿನ ಮದ್ದು ಚುಚ್ಚಿದರೆ ನೋವಾಗುತ್ತದೆಂದು ನಾನು ಅರ್ಧ ತಾಸು ಮೊದಲೇ ಬಾಟಲಿಯನ್ನು ಹೊರಗಿಡುತ್ತಿದ್ದೆ. ಹೆಪ್ಪುಗಟ್ಟಿದ್ದು ಅಷ್ಟರಲ್ಲಿ ಕರಗುತ್ತಿತ್ತು. ಹರಳು ಕಂಡಾಗ ಇನ್ನೂ ನಾಲ್ಕು ಸಲ ಹೊರಳಿಸಿ ಸಿರಿಂಜಿಗೆ ಎಳೆಯುತ್ತಿದ್ದೆ. ನಾನು ನೋಡಿಯೂ ನೋಡಲಿಲ್ಲ.

ಜನವರಿ ಕೊನೆಯ ಭಾನುವಾರ ಬೆಳಗ್ಗೆ ಅಮ್ಮಿ ಏಳಲಿಲ್ಲ. ಕರೆದರೆ ಕಣ್ಣು ಬಿಡುತ್ತಿದ್ದರು, ಮಾತು ತೊದಲುತ್ತಿತ್ತು, ನಾಲಿಗೆ ಒಣಗಿ ಹಲಗೆಯಂತಾಗಿತ್ತು. ಗ್ಲುಕೋಮೀಟರ್ 412 ತೋರಿಸಿತು. ಪರಿಚಯದವರ ಓಮ್ನಿಯಲ್ಲಿ ಕಾರವಾರಕ್ಕೆ ಹೊರಟೆವು. ಕಾಳಿ ನದಿಯ ಪಕ್ಕದ ಆ ದಾರಿ ಎಂದೂ ಅಷ್ಟು ಉದ್ದವಿರಲಿಲ್ಲ. ನನ್ನ ತೊಡೆಯ ಮೇಲೆ ಅವರ ತಲೆ ಇತ್ತು. ಆಸ್ಪತ್ರೆ ತಲುಪುವ ಮೊದಲೇ ಮನೆಯಿಂದ ಫೋನ್ ಬಂತು. ಕಿರಿಯವನು ಅಳುತ್ತಿದ್ದ. “ಅಮ್ಮಾ, ಫಿರ್ನಿ ತಿಂದದ್ದು ನಾನು. ದಾದಿಗೆ ಏನೂ ಅನ್ನಬೇಡಿ.” ಅವನಿಗೆ ಆಗ ಒಂಬತ್ತು ವರ್ಷ. ಅಡುಗೆಮನೆಯಲ್ಲಿ ನಾನು ಆಡಿದ ಮಾತನ್ನು ಅವನು ಕೇಳಿಸಿಕೊಂಡಿದ್ದ.

ಆಸ್ಪತ್ರೆಯಲ್ಲಿ ಸಲೈನ್ ಹಾಕಿ, ಅವರದೇ ಇನ್ಸುಲಿನ್ ಕೊಟ್ಟಾಗ ಸಂಜೆಯೊಳಗೆ ಸಕ್ಕರೆ ಇಳಿಯತೊಡಗಿತು. ನಾವು ಎಷ್ಟು ಪ್ರಮಾಣ ಕೊಡುತ್ತಿದ್ದೆವೋ ಹೆಚ್ಚುಕಡಿಮೆ ಅಷ್ಟೇ. ಡಾಕ್ಟರು ನನ್ನನ್ನು ಕರೆದು ಊಟದ ಬಗ್ಗೆ ಕೇಳುತ್ತಾರೆಂದುಕೊಂಡಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, “ಇನ್ಸುಲಿನ್ ಎಲ್ಲಿಡುತ್ತೀರಿ?”

“ಫ್ರಿಜ್ಜಿನಲ್ಲಿ.”

“ಫ್ರಿಜ್ಜಿನಲ್ಲಿ ಎಲ್ಲಿ?”

ಎಲ್ಲಕ್ಕಿಂತ ಮೇಲಿನ ತಟ್ಟೆಯಲ್ಲಿ, ಐಸ್ ಪೆಟ್ಟಿಗೆಯ ಕೆಳಗೆ, ಸ್ಟೀಲ್ ಡಬ್ಬಿಯೊಳಗೆ ಎಂದೆ. ಮರುದಿನ ನಮ್ಮವರು ಆ ಬಾಟಲಿ ತಂದಾಗ ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹರಳುಗಳನ್ನು ನನಗೆ ತೋರಿಸಿದರು. ಇದು ಒಮ್ಮೆ ಹೆಪ್ಪುಗಟ್ಟಿ ಕರಗಿದೆ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಅದರ ಗುಣವನ್ನು ನಂಬಲಾಗದು, ಬಿಸಾಡಬೇಕು ಎಂದರು. ಇನ್ಸುಲಿನ್ ಇಡಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಾಗಿಲಿನ ತಟ್ಟೆಯಲ್ಲೋ ಮಧ್ಯದಲ್ಲೋ ಇಡಬಹುದು, ಐಸ್ ಪೆಟ್ಟಿಗೆಯ ಹತ್ತಿರ ಎಂದಿಗೂ ಬೇಡ. ಬಳಸಲು ತೆರೆದ ಬಾಟಲಿಯನ್ನು ಕೆಲವು ವಾರಗಳ ಕಾಲ ಬಿಸಿಲು ತಾಗದ ತಂಪಾದ ಜಾಗದಲ್ಲಿ ಹೊರಗೂ ಇಡಬಹುದು, ಎಷ್ಟು ದಿನ ಎಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುತ್ತದೆ. ಮಡಕೆಯ ವಿಷಯ ಹೇಳಿದೆ. “ಆ ಮಡಕೆಯೇ ಸಾಕಿತ್ತಲ್ಲಮ್ಮಾ” ಎಂದರು.

ನಾಲ್ಕನೇ ದಿನ ಅಮ್ಮಿಯನ್ನು ಮನೆಗೆ ಕರೆತಂದೆವು. ಹೊಸ ಇನ್ಸುಲಿನ್ ಮಡಕೆ ಸೇರಿತು. ಫ್ರಿಜ್ಜಿನ ಗುಂಡಿಯನ್ನು ಕನಿಷ್ಠಕ್ಕೆ ತಿರುಗಿಸಿದೆ. ಮರುದಿನ ಬೆಳಗ್ಗೆಯೂ ನೀರಿನ ಬಾಟಲಿ ಕಲ್ಲು. ಕಾರಣ ನನಗೆ ಹೊಳೆಯಲಿಲ್ಲ. ಹೊಸ ಥರ್ಮೋಸ್ಟಾಟೇ ದೋಷದ್ದೆಂದು ಅಂಗಡಿಯವನನ್ನು ಬೈದೆ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಎರಡು ದಿನ ಬಿಟ್ಟು ಅಮೆರಿಕದಿಂದ ಭಾವನವರ ಮಗನ ಫೋನ್ ಬಂತು. ಅವನು ನಾರ್ತ್ ಕೆರೋಲಿನಾದಲ್ಲಿ ಕೆಲಸದಲ್ಲಿದ್ದಾನೆ. ದಾದಿಯ ಆರೋಗ್ಯ ವಿಚಾರಿಸಿದ ಮೇಲೆ ತನ್ನ ಕಥೆ ಹೇಳತೊಡಗಿದ. ಅವರ ಮನೆ ಬೆಚ್ಚಗಿರುವುದು ಹೀಟ್ ಪಂಪ್‌ನಿಂದ. ಅದೂ ನಮ್ಮ ಫ್ರಿಜ್ಜಿನ ಜಾತಿಯದೇ ಎಂದ. ಚಳಿಗಾಲದಲ್ಲಿ ಹೊರಗಿನ ತಣ್ಣನೆ ಗಾಳಿಯಲ್ಲಿರುವ ಅಷ್ಟಿಷ್ಟು ಬಿಸಿಯನ್ನೂ ಹೀರಿ ಮನೆಯೊಳಗೆ ತರುತ್ತದೆ. ಬೇಸಿಗೆಯಲ್ಲಿ ಅದೇ ಯಂತ್ರ ತಿರುವುಮುರುವಾಗಿ ಮನೆಯೊಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ. ಅನಿಲ ಯಾವ ದಿಕ್ಕಿಗೆ ಹರಿಯಬೇಕೆಂದು ತಿರುಗಿಸಲು ಒಂದು ವಾಲ್ವ್ ಇರುತ್ತದಂತೆ.

“ಗೋಡೆಯ ಮೇಲಿನ ಹಳೆಯ ಥರ್ಮೋಸ್ಟಾಟ್ ಕೆಟ್ಟಿತ್ತು ಚಾಚಿ. ಇಲ್ಲಿ ಕೆಲಸದವರನ್ನು ಕರೆಸಿದರೆ ದುಬಾರಿ. ನಾನೇ ಹೊಸದು ತಂದು ಹಾಕಿದೆ. ಬ್ರೇಕರ್ ಆಫ್ ಮಾಡಿ, ಹಳೆಯದರ ಫೋಟೋ ತೆಗೆದುಕೊಂಡು, ಪ್ರತಿ ವಯರಿಗೂ ಅಕ್ಷರದ ಚೀಟಿ ಅಂಟಿಸಿಯೇ ಬಿಚ್ಚಿದ್ದು. ಆರ್ ಎಂದರೆ ಕರೆಂಟ್ ಬರುವುದು, ವೈ ಕಂಪ್ರೆಸರಿಗೆ, ಜಿ ಫ್ಯಾನಿಗೆ, ಸಿ ಮರಳಿ ಹೋಗುವುದು. ಎಲ್ಲ ಸರಿಯಾಗಿಯೇ ಹಾಕಿದೆ. ‘ಹೀಟ್’ ಒತ್ತಿದರೆ ತಣ್ಣನೆ ಗಾಳಿ! ಹೆಚ್ಚು ಮಾಡಿದಷ್ಟೂ ಇನ್ನೂ ತಣ್ಣಗೆ. ಮಗುವಿಗೆ ಎರಡು ಸ್ವೆಟರ್ ಹಾಕಿ ಮಲಗಿಸಿದೆವು.”

“ಮತ್ತೆ?”

“ಆ ದಿಕ್ಕು ತಿರುಗಿಸುವ ವಾಲ್ವಿನ ವಯರ್. ಅದಕ್ಕೆ ‘ಓ ಅಥವಾ ಬಿ’ ಎಂದು ಒಂದೇ ಜಾಗ ಇರುತ್ತದೆ. ಕೆಲವು ಕಂಪೆನಿಯ ಯಂತ್ರದಲ್ಲಿ ತಂಪು ಬೇಕಾದಾಗ ವಾಲ್ವಿಗೆ ಕರೆಂಟ್ ಕೊಡಬೇಕು, ಅದು ಓ. ಇನ್ನು ಕೆಲವದರಲ್ಲಿ ಬಿಸಿ ಬೇಕಾದಾಗ ಕೊಡಬೇಕು, ಅದು ಬಿ. ನಮ್ಮದು ಬಿ, ನಾನು ಓ ಎಂದು ಆರಿಸಿದ್ದೆ. ಯಂತ್ರ ಪಾಪ ಹೇಳಿದ್ದನ್ನೇ ಮಾಡುತ್ತಿತ್ತು. ಹೇಳಿದವನು ನಾನು, ತಪ್ಪು ಹೇಳಿದ್ದೆ.”

ಫೋನ್ ಕಿವಿಯಲ್ಲಿದ್ದಂತೆಯೇ ನನಗೆ ಮೈಯೆಲ್ಲ ತಣ್ಣಗಾಯಿತು. ಬೆಳಕು ಬರುವುದಿಲ್ಲ ಬೇಟಾ, ಎಂದಿದ್ದರಲ್ಲ! ಬೆಳಕು ಥರ್ಮೋಸ್ಟಾಟಿನ ಮಾತು ಕೇಳುತ್ತಿದ್ದರೆ, ಹಾಗಾದರೆ ಮೋಟಾರ್ ಯಾರ ಮಾತು ಕೇಳುತ್ತಿದೆ?

ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋದೆ, ಟ್ಯೂಬ್‌ಲೈಟ್ ಹಾಕದೆ. ಬಾಗಿಲು ತೆರೆದೆ. ಒಳಗೆ ಕಗ್ಗತ್ತಲೆ. ಕೆಳಗೆ ಮೋಟಾರ್ ಗುರುಗುಟ್ಟುತ್ತಲೇ ಇತ್ತು. ಬಾಗಿಲು ಹಿಡಿದುಕೊಂಡು ನಾನು ಎಷ್ಟು ಹೊತ್ತು ಅಲ್ಲೇ ನಿಂತಿದ್ದೆನೋ.

ಮರುದಿನ ಪ್ಲಗ್ ಕಿತ್ತು ಮುಚ್ಚಳ ಬಿಚ್ಚಿದೆ. ಈ ಸಲ ಕನ್ನಡಕ ಹಾಕಿಕೊಂಡು, ಹಳೆಯ ಥರ್ಮೋಸ್ಟಾಟನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಪ್ರತಿ ಕಾಲಿನ ಬುಡದಲ್ಲಿ ಇರುವೆಯಷ್ಟು ಸಣ್ಣಗೆ ಅಂಕೆಗಳನ್ನು ಒತ್ತಿದ್ದರು. 3, 4, 6. ಎರಡರಲ್ಲೂ ಅಂಕೆಗಳು ಅವೇ, ಆದರೆ ಇದ್ದ ಕ್ರಮ ಬೇರೆ. ನಾನು ಅಂಕೆ ನೋಡಿರಲಿಲ್ಲ, ಸ್ಥಾನ ನೋಡಿದ್ದೆ. ಬಲ್ಬಿನ ವಯರ್ ಮೋಟಾರಿನ ಜಾಗಕ್ಕೂ ಮೋಟಾರಿನದು ಬಲ್ಬಿನ ಜಾಗಕ್ಕೂ ಹೋಗಿ ಕುಳಿತಿದ್ದವು. ಮೋಟಾರಿಗೆ ನೇರ ಕರೆಂಟ್, ನಿಲ್ಲು ಎನ್ನುವವರೇ ಇಲ್ಲ. ಫ್ರಿಜ್ ಸಾಕಷ್ಟು ತಣ್ಣಗಾದಾಗ ಥರ್ಮೋಸ್ಟಾಟ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿ ‘ಸಾಕು’ ಎನ್ನುತ್ತಿತ್ತು, ಬಲ್ಬು ಆರುತ್ತಿತ್ತು. ಬೆಳಗ್ಗೆ ಮೂರ್ನಾಲ್ಕು ತಾಸು ಆಫ್ ಮಾಡಿದಾಗ ಒಳಗೆ ತುಸು ಬೆಚ್ಚಗಾಗಿ, ಸ್ವಿಚ್ ಹಾಕಿದೊಡನೆ ಬಲ್ಬು ಮತ್ತೆ ಉರಿಯುತ್ತಿತ್ತು. ನಾನು ಅಮ್ಮಿಗೆ ‘ನೋಡಿ’ ಎಂದು ತೋರಿಸಿದ್ದು ಆ ಹೊತ್ತಿನ ಬೆಳಕು.

ವಯರ್‌ಗಳನ್ನು ಅದಲುಬದಲು ಮಾಡಲು ಎರಡು ನಿಮಿಷವೂ ಹಿಡಿಯಲಿಲ್ಲ.

ಇಂಥ ಕೆಲಸಕ್ಕೆ ಕೈಹಾಕುವ ಸಹೋದರಿಯರಿಗೆ ಇಷ್ಟು ಹೇಳುತ್ತೇನೆ. ಅಮೆರಿಕದ ಆ ಗೋಡೆಯ ಥರ್ಮೋಸ್ಟಾಟಿನಲ್ಲಿ ಹರಿಯುವುದು ಬರೀ 24 ವೋಲ್ಟ್. ತಪ್ಪಿ ಎರಡು ವಯರ್ ತಾಗಿದರೆ ಒಂದು ಫ್ಯೂಸ್ ಹೋದೀತು. ನಮ್ಮ ಫ್ರಿಜ್ಜಿನದರಲ್ಲಿ ಇರುವುದು ಪೂರ್ತಿ 230 ವೋಲ್ಟ್, ಜೀವ ಹೋಗುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಅಂಕೆ ಕಾಣುವಷ್ಟು ಹತ್ತಿರದಿಂದ. ತಾಮ್ರದ ನಳಿಗೆಯನ್ನು ಮಡಚಬೇಡಿ. ಜೋಡಿಸಿದ ಮೇಲೆ ‘ಮೋಟಾರ್ ಓಡಿತು’ ಎಂದು ಏಳಬೇಡಿ, ಅದು ನಿಲ್ಲುವುದನ್ನೂ ನೋಡಿ ಏಳಿ. ಕೈ ಪಳಗದಿದ್ದರೆ ಮೆಕ್ಯಾನಿಕ್ಕಿಗೇ ಕಾಯಿರಿ, ನಾಲ್ಕು ನಾಳೆಗಳಾದರೂ ಸರಿ.

ಆ ಸಂಜೆ ಅಮ್ಮಿಯ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದೆ. ವಯರಿನ ವಿಷಯ ಹೇಳಿದೆ, ಫಿರ್ನಿಯ ಬಟ್ಟಲು ಎಣಿಸಿದ್ದನ್ನು ಹೇಳಿದೆ. ರೊಟ್ಟಿ ಬೇಯಿಸುತ್ತಾ ಆಡಿದ ಮಾತಿಗೆ ಮಾಫ್ ಮಾಡಿ ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ನೋವಾಗಿಲ್ಲ ಎಂದು ಸುಳ್ಳು ಹೇಳಲಿಲ್ಲ. ಕೊನೆಗೆ, “ಆ ಖರ್ಜೂರದ ಮೇಲೆ ನಿನಗೆ ನನ್ನ ಮೇಲೆ ಭರವಸೆ ಹೋಗಿತ್ತು, ಗೊತ್ತು” ಎಂದರು. ಆಮೇಲೆ, “ನನ್ನನ್ನು ಕೇಳಬಹುದಿತ್ತಲ್ಲ, ಏಕೆ ಏಳುತ್ತೀರಿ ಅಂತ.”

ನಾನು ಕೇಳಿದ್ದೆನಲ್ಲ ಎಂದುಕೊಂಡೆ. ಆದರೆ ನಾನು ಕೇಳಿದ್ದು ಪ್ರಶ್ನೆಯಾಗಿರಲಿಲ್ಲ.

ಆ ತಿಂಗಳ ಕರೆಂಟ್ ಬಿಲ್ ಬಂದಾಗ ನಮ್ಮವರು ಎರಡು ಸಲ ಓದಿ ನನ್ನ ಮುಖ ನೋಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಕಾಳಿ ದಂಡೆಯ ಊರುಗಳಿಗೆಲ್ಲ ನೆರೆ ಬಂದಾಗ ನಮ್ಮಲ್ಲಿ ಕರೆಂಟ್ ಹೋಯಿತು. ಮಡಕೆ ಮತ್ತೆ ಕೆಲಸಕ್ಕೆ ಬಂತು. ಈಗ ಫ್ರಿಜ್ಜಿನ ಬಾಗಿಲಿನ ತಟ್ಟೆಯಲ್ಲಿ ಒಂದು ಪುಟ್ಟ ಥರ್ಮಾಮೀಟರ್ ಇದೆ. ಬೆಳಗ್ಗೆ ಆಫ್ ಮಾಡುವ ರೂಢಿ ನಿಂತಿದೆ.

ಅಮ್ಮಿ ಅದಾದ ಮೇಲೆ ಮೂರು ವರ್ಷ ನಮ್ಮೊಂದಿಗಿದ್ದರು. ವಯರ್ ಸರಿಮಾಡಿದ ರಾತ್ರಿ, ಎಷ್ಟು ಗಂಟೆಯೋ ತಿಳಿಯದು, ಅಡುಗೆಮನೆಯಲ್ಲಿ ಸದ್ದಾಗಿ ನನಗೆ ಎಚ್ಚರವಾಯಿತು. ಎದ್ದು ಹೋದೆ. ಅವರು ಕತ್ತಲಲ್ಲಿ ಫ್ರಿಜ್ಜಿನ ಬಾಗಿಲು ಅರ್ಧ ತೆರೆದುಕೊಂಡು ನಿಂತಿದ್ದರು. ಹಳದಿ ಬೆಳಕು ಅವರ ಮುಖದ ಮೇಲೆ ಬಿದ್ದಿತ್ತು. ಮೋಟಾರ್ ನಿಂತಿತ್ತು, ಹೊರಗೆ ಜೀರುಂಡೆಗಳ ಸದ್ದು ಕೇಳುತ್ತಿತ್ತು.

“ಬಾಯಾರಿಕೆಯೇ ಅಮ್ಮಿ?” ಎಂದೆ.

“ಇಲ್ಲ ಬೇಟಾ, ಸುಮ್ಮನೆ ನೋಡಿದೆ” ಎಂದು ಬಾಗಿಲು ಮುಚ್ಚಿದರು. ಮತ್ತೊಮ್ಮೆ ತೆರೆದು ನೋಡಿ, ನಂತರ ಮಲಗಲು ಹೋದರು.